ಪಥ್ಯವಿಲ್ಲದ ಮದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಮಟಾ ಪೇಟೆಯಲ್ಲಿ ಮೀನು ಮಾರುವ ಮಾದೇವಿಗೆ ನಾನು ಅನ್ಯಾಯ ಮಾಡಿದ್ದೇನೆ. ಬಂಗಡೆಯ ಕಿವಿರು ಎತ್ತಿ ನೋಡಿ, "ಕೆಂಪೇ ಇಲ್ಲ, ನಿನ್ನೆಯದು" ಎಂದುಬಿಟ್ಟೆ. ಅವಳು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಬೆಳಗ್ಗೆ ಬೋಟಿಂದ ಇಳ್ದ ಮೀನು ಅಕ್ಕ. ಹಳೇದಾದ್ದು ಬಂಗಡೆ ಅಲ್ಲ, ನಿಮ್ಮ ಕಣ್ಣು!"

ಅವಳ ರೋಗನಿರ್ಣಯ ಹೆಚ್ಚುಕಡಿಮೆ ಸರಿಯಾಗಿತ್ತು. ಬಲಗಣ್ಣು ಮುಚ್ಚಿ ನೋಡಿದರೆ ಕಿವಿರು ದಾಸವಾಳದ ಹಾಗೆ ಕೆಂಪು. ಎಡಗಣ್ಣು ಮುಚ್ಚಿದರೆ ಒಗೆದೊಗೆದು ಬಣ್ಣ ಬಿಟ್ಟ ರವಿಕೆಯ ಹಾಗೆ. ಮೀನುಪೇಟೆಯ ನಡುವೆ ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತ ನಿಂತ ಹೆಂಗಸನ್ನು ಕಂಡು ಜನ ಏನೆಂದುಕೊಂಡರೋ.

ಅಲ್ಲಿಂದ ಮಂಗಳೂರಿನ ನರರೋಗ ತಜ್ಞರವರೆಗೆ ಹೋದದ್ದಾಯಿತು. ಮಿದುಳಿನ ಸ್ಕ್ಯಾನಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹವನ್ನು ಕಾಯಬೇಕಾದ ಪಡೆಯೇ ದಾರಿ ತಪ್ಪಿ, ನರಗಳ ಮೇಲಿನ ಹೊದಿಕೆಯನ್ನು ಕೆರೆದು ತೆಗೆಯುತ್ತದಂತೆ. ಹೋದ ವರ್ಷ ಎಡಗಾಲಿಗೆ ತಿಂಗಳಿಡೀ ಹಿಡಿದಿದ್ದ ಜೋಮನ್ನು ನಾನು ಕಾಲು ಮಡಚಿ ಕೂರುವ ತುರಿಮಣೆಯ ಮೇಲೆ ಹೊರಿಸಿದ್ದೆ. ಅದಕ್ಕೂ ಅನ್ಯಾಯವೇ ಆಗಿತ್ತು.

ಸ್ಟಿರಾಯ್ಡ್ ಕೊಟ್ಟು ಕಣ್ಣನ್ನು ಮುಕ್ಕಾಲು ಪಾಲು ಮರಳಿಸಿದ ಡಾಕ್ಟರರು ಆಮೇಲೆ ಮೂರು ದಾರಿ ಹೇಳಿದರು. ದಿನಾ ನುಂಗುವ ಮಾತ್ರೆ, ವಾರಕ್ಕೆ ಮೂರು ಸಲ ನಾನೇ ಚುಚ್ಚಿಕೊಳ್ಳುವ ಇಂಜೆಕ್ಷನ್, ಇಲ್ಲವೇ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್. ಡ್ರಿಪ್ ಎಲ್ಲಕ್ಕಿಂತ ಬಲವಾದದ್ದು, ಅದರಲ್ಲಿ ಸೋಂಕಿನ ಭಯವೂ ಹೆಚ್ಚು. ಯಾವುದೂ ಕಾಯಿಲೆಯನ್ನು ಓಡಿಸುವುದಿಲ್ಲ, ಮುಂದಿನ ಹೊಡೆತವನ್ನು ತಡೆಯಲು ನೋಡುತ್ತದೆ ಅಷ್ಟೆ.

"ಯೋಚನೆ ಮಾಡಿ ನೀವೇ ಹೇಳಿ. ಆದರೆ ತಡ ಮಾಡಬೇಡಿ. ಪ್ರತಿ ಸಲವೂ ಹೋದದ್ದು ಪೂರಾ ವಾಪಸ್ ಬರ್ತದೆ ಅಂತ ಇಲ್ಲ."

ನಾನೇ ಹೇಳುವುದೆ? ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು "ಯೆಸ್ ಸಿಸ್ಟರ್" ಎನ್ನುವುದನ್ನು. ಸೀರೆ ಆರಿಸಿದ್ದೇನೆ, ಉಪ್ಪಿನಕಾಯಿಗೆ ಮಾವಿನಮಿಡಿ ಆರಿಸಿದ್ದೇನೆ, ಮದ್ದನ್ನು ಮಾತ್ರ ಕೊಟ್ಟದ್ದನ್ನು ಕುಡಿದು ಗೊತ್ತು. ಗಾಬರಿಯಲ್ಲಿ ನಮ್ಮ ಕಡೆಯವರೆಲ್ಲ ಕೇಳುವುದನ್ನೇ ಕೇಳಿದೆ, "ಪಥ್ಯ ಎಂತದು?"

"ಪಥ್ಯ ಏನಿಲ್ಲ. ಬೇಕಾದ್ದು ತಿನ್ನಿ," ಎಂದು ಅವರು ನಕ್ಕರು.

ನಗುವ ಮಾತಲ್ಲ ಅದು. ನಮ್ಮಲ್ಲಿ ಪಥ್ಯವೆಂದರೆ ಮದ್ದಿನ ಅರ್ಧಾಂಗಿ. ನೆಗಡಿಯ ಕಷಾಯಕ್ಕೂ ಮೊಸರು ಬಿಡಬೇಕು, ಬೆರಳ ಗಾಯಕ್ಕೂ ಬದನೆ ನಂಜು. "ಬೇಕಾದ್ದು ತಿನ್ನಲಿ" ಎಂದು ಡಾಕ್ಟರರು ಹೇಳುವುದು ಒಂದೇ ಸಂದರ್ಭದಲ್ಲಿ, ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎನ್ನುವಾಗ. ಇದು ಗೊತ್ತಿದ್ದೂ ಹೊನ್ನಾವರದಲ್ಲಿರುವ ಅತ್ತೆಗೆ ಫೋನಿನಲ್ಲಿ ಸಮಾಧಾನವೆಂದು ಅದನ್ನೇ ಹೇಳಿದೆ. "ಪಥ್ಯ ಇಲ್ವಂತೆ ಅತ್ತೆ, ಬೇಕಾದ್ದು ತಿನ್ನಬೋದಂತೆ." ಆ ಕಡೆಯಿಂದ ಅಳು ಕೇಳಿಸಿತು.

ಮರುದಿನವೇ ಅವರು ಬಸ್ಸು ಹತ್ತಿ ಬಂದರು, ಗೇರುಸೊಪ್ಪೆ ಕಡೆಯ ಯಾರೋ ಕೊಡುವ ಬೇರಿನ ಮದ್ದಿನ ಸುದ್ದಿ ಹೊತ್ತು.

"ನಲವತ್ತೆಂಟು ದಿನ ಮೀನಿಲ್ಲ, ಹುಳಿ ಇಲ್ಲ, ಬದನೆ ಇಲ್ಲ. ಅಷ್ಟು ಕಟ್ಟುನಿಟ್ಟು ಅಂದ್ರೆ ಸುಮ್ನೆ ಅಲ್ಲ ಮಗಾ. ಇದೊಂದು ಮುಗೀಲಿ, ಆಮೇಲೆ ಬೇಕಾದ್ರೆ ಮಂಗ್ಳೂರು."

ನಿಮಗೆ ನಗು ಬರಬಹುದು. ನನಗೋ ಆಸೆ ಬಂತು. ಪಥ್ಯದಲ್ಲಿ ರೋಗಿಗೂ ಒಂದು ಕೆಲಸವಿರುತ್ತದೆ. ಬಂಗಡೆ ಬಿಡು ಎಂದರೆ ಬಿಡಬಲ್ಲೆ. ಮೂರರಲ್ಲಿ ಒಂದನ್ನು ಹಿಡಿ ಎಂದರೆ, ತಪ್ಪಾದರೆ ಯಾರ ಮೇಲೆ ಹಾಕುವುದು? ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹತ್ತು ದಿನ ಕಳೆದೆ. ಪ್ರತಿ ಬೆಳಿಗ್ಗೆ ಎದ್ದೊಡನೆ ಕ್ಯಾಲೆಂಡರಿನ ಕೆಂಪು ಅಂಕಿಗಳನ್ನು ಒಂದೊಂದೇ ಕಣ್ಣಿನಿಂದ ನೋಡಿ ಉಸಿರು ಬಿಡುತ್ತಿದ್ದೆ.

ಹನ್ನೊಂದನೆಯ ದಿನ ಭಟ್ಕಳದಲ್ಲಿರುವ ನಾದಿನಿಯ ಮನೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಹೆಂಗಸು ಕೂಗಿದಳು. "ಅಕ್ಕಾ, ಈ ಚಪ್ಪಲಿ ನಿಮ್ದಾ?"

ನನ್ನದೇ. ಎಡಗಾಲಿನದು, ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಡಾಂಬರು ಕಾದಿತ್ತು. ಕಾಲಿಗೆ ಎರಡೂ ಗೊತ್ತಾಗಿರಲಿಲ್ಲ.

ಅಲ್ಲೇ ಅಂಗಡಿಯೊಂದರ ನೆರಳಿಗೆ ನಿಂತು ಡಾಕ್ಟರರಿಗೆ ಫೋನು ಮಾಡಿದೆ. ಚಪ್ಪಲಿಯ ಸಂಗತಿ ಹೇಳಿ, "ಬಲವಾದದ್ದೇ ಕೊಡಿ" ಎಂದೆ. ನಾಳೆಯೇ ಬಂದು ಕಾಲು ತೋರಿಸಿ ಎಂದರು. ಡ್ರಿಪ್ಪಿಗೆ ಮೊದಲು ರಕ್ತಪರೀಕ್ಷೆ, ಲಸಿಕೆ. ಮುಂದೆ ಜ್ವರ ಬಂದವರ ಹತ್ತಿರ ಹೋಗಬಾರದು, ಗರ್ದಿಯಲ್ಲಿ ನಿಲ್ಲಬಾರದು.

ಸಂಜೆ ಮನೆಯಲ್ಲಿ ಇದನ್ನೆಲ್ಲ ಕೇಳಿದ ಅತ್ತೆಯ ಮುಖ ಹತ್ತು ದಿನದಲ್ಲಿ ಮೊದಲ ಸಲ ಸಡಿಲಾಯಿತು. "ಹಂಗಾರೆ ಪಥ್ಯ ಅದೆ ಅನ್ನು! ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

"ಮತ್ತೆ ಆ ಬೇರಿನ ಮದ್ದು?"

"ಎರಡು ಪಥ್ಯ ಒಟ್ಟಿಗೆ ಮಾಡೂಕಾಗ್ತದನೇ? ಆತು, ಮಂಗ್ಳೂರಿಗೇ ಹೋಗು."

ಡ್ರಿಪ್ಪಿನ ದಿನ ನರ್ಸ್ ಒಪ್ಪಿಗೆ ಪತ್ರವನ್ನು ರೂಢಿಯಂತೆ ನನ್ನ ಗಂಡನ ಮುಂದೆ ಹಿಡಿದಳು. ಇವರು ಪೆನ್ನನ್ನು ನನ್ನ ಕೈಗೆ ದಾಟಿಸಿದರು. ಆಗಬಹುದಾದ ಅಪಾಯಗಳೇ ಒಂದೂವರೆ ಪುಟ. ಒಂದನ್ನೂ ಬಿಡದೆ ಓದಿದೆ. ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿ ತಿದ್ದಿ ದುಂಡಗಾದ ನನ್ನ ಸಹಿ ಈ ಸಲ ಎತ್ತಲೋ ಏರಿ ಎತ್ತಲೋ ಇಳಿಯಿತು.

ಇವರು ಬಗ್ಗಿ ನೋಡಿ, "ಎಂತದೇ ಇದು, ಥೇಟ್ ಡಾಕ್ಟರ ಅಕ್ಷರ!" ಎಂದರು.

"ಮದ್ದು ಆರಿಸಿದ್ದು ಯಾರು ಮತ್ತೆ?" ಎಂದು ತೋಳು ಚಾಚಿದೆ.