ನನ್ನೊಳಗೆ ನಿಂತುಹೋಗಿದ್ದ ಅಪ್ಪಣೆ

ಗಿರಿಜಾ, ಆ ಮೂರು ವರ್ಷ ನಮಗೆ ಮಗುವಾಗದೆ ಇದ್ದದ್ದು ನಿನ್ನಿಂದಲ್ಲ, ನನ್ನಿಂದ. ಕಾರಣ ತಿಳಿದ ಮೇಲೂ ನಾನು ನಿನಗೆ ಹೇಳಲಿಲ್ಲ.

ನಾವು ಡಾಲಸ್‌ಗೆ ಬಂದ ಹೊಸತು. ಪಕ್ಕದ ಕ್ಯಾರಲ್ಟನ್ನಿನ ಜಿಮ್ಮಿನಲ್ಲಿ ಗೆಳೆಯನೊಬ್ಬ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದಿನ ರುಚಿ ಹತ್ತಿಸಿದ. ನನ್ನ ಸಣಕಲು ತೋಳುಗಳು ತುಂಬಿಕೊಂಡವು. ಎಲ್ಲ ವ್ಯಾಯಾಮದ ಫಲವೆಂದು ನೀನು ನಂಬಿದೆ — ನಂಬಲಿ ಎಂದು ನಾನು ಸುಮ್ಮನಿದ್ದೆ.

ಮಗುವಾಗಲೆಂದು ಮಾತ್ರೆ ನುಂಗಿದವಳು ನೀನು. ಗರ್ಭಕೋಶಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದ ದಿನ, ಕಾರಿನಲ್ಲಿ ಹೊಟ್ಟೆ ಹಿಡಿದುಕೊಂಡು, "ನನ್ನೊಳಗನ ಏನೋ ಕೊರತಿ ಅದರೀ," ಎಂದೆಯಲ್ಲ —

ನನ್ನ ಪರೀಕ್ಷೆಯೂ ಆಗಲಿ ಎಂದು ನಿನ್ನ ಡಾಕ್ಟರು ಹೇಳಿದಾಗ ನಾನು ಹೆದರಿದೆ. ಆಫೀಸಿನ ಕೆಲಸವೆಂದು ಸುಳ್ಳು ಹೇಳಿ ಹ್ಯೂಸ್ಟನ್‌ನಲ್ಲಿ ಉಡುಪಿ ಕಡೆಯ ಹಿರಿಯ ಡಾಕ್ಟರೊಬ್ಬರನ್ನು ಕಂಡೆ. ನನ್ನ ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ.

"ಹೊರಗಿನಿಂದ ಹಾರ್ಮೋನ್ ತಗೊಳ್ತಿದ್ದೀರಾ?"

ಹೌದೆಂದು ತಲೆಯಾಡಿಸಿದೆ. ಅವರು ಬಿಡಿಸಿ ಹೇಳಿದರು — ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ. ಅದು ರಕ್ತದ ಮೂಲಕ ವೃಷಣಗಳಿಗೆ ಅಪ್ಪಣೆ ಕಳಿಸುತ್ತದೆ: ಹಾರ್ಮೋನ್ ಮಾಡಿ, ವೀರ್ಯಾಣು ಮಾಡಿ. ರಕ್ತದಲ್ಲಿ ಹಾರ್ಮೋನ್ ಹೆಚ್ಚಾದರೆ ಅಪ್ಪಣೆ ತಗ್ಗುತ್ತದೆ. "ನೀವು ಹೊರಗಿನಿಂದ ತುಂಬಿಸಿದ್ರಿ. ಮಿದುಳು ಸಾಕು ಅಂತ ಸುಮ್ಮನಾಯ್ತು."

ನಾನು ಬೆರಗಾಗಿ ಕೂತೆ. ನಾನು ನಿದ್ರಿಸುವಾಗಲೂ, ನಿನಗೆ ಸುಳ್ಳು ಹೇಳುವಾಗಲೂ ನನ್ನೊಳಗೆ ಇಂಥದೊಂದು ಮಾತುಕತೆ ನಡೆದೇ ಇತ್ತೇ! ಗಂಡಸುತನವೆಂದು ಏರಿಸಿಕೊಂಡದ್ದೇ ಅದರ ಬಾಯಿ ಮುಚ್ಚಿಸಿತ್ತು.

ಮನೆಗೆ ಬಂದು ನಾನು ಹೇಳಿದ್ದು ಮಾತ್ರ, "ನಂದೆಲ್ಲ ನಾರ್ಮಲ್ ಅಂತೆ." ನೀನು ತಲೆ ತಗ್ಗಿಸಿದೆ.

ಚುಚ್ಚುಮದ್ದು ಬಿಟ್ಟೆ. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ, ನನ್ನಂಥವನ ಮೈಯಲ್ಲೂ, ನಿಂತದ್ದೆಲ್ಲ ತಾನಾಗಿ ಮತ್ತೆ ಹರಿಯಿತು. ಆ ಕರುಣೆಗೆ ಏನೆಂದು ಹೆಸರಿಡಲಿ? ನೀನು ಬಸುರಿಯಾದೆ. "ನನ್ನ ಮೈ ಕಡೀಕೂ ನನ್ನ ಮಾತ ಕೇಳ್ತು ನೋಡ್ರೀ," ಎಂದು ಕಣ್ಣೊರೆಸಿಕೊಂಡೆ. ಆಗಲಾದರೂ ನಾನು —

ನಿನ್ನೆ ಆಸ್ಟಿನ್‌ನಲ್ಲಿ, ಅಂದು ಹುಟ್ಟಿ ಈಗ ಹೊಸದಾಗಿ ಮದುವೆಯಾದ ಮಗಳಿಗೆ ನೀನು ಹೇಳುತ್ತಿದ್ದೆ: "ತಡಾ ಮಾಡಬ್ಯಾಡವಾ. ನನ್ನ ಮೈಯಿನ ಕೊರತಿ ನಿನಗೂ ಬಂದಿದ್ರ?" ಅವಳ ಮುಖ ಬಾಡಿದ್ದನ್ನು ಕಂಡೆ.

ನನ್ನ ಸುಳ್ಳು ಅವಳವರೆಗೂ ಹೋಗಿಬಿಟ್ಟಿದೆ. ನೀನು ವಾಕಿಂಗ್ ಮುಗಿಸಿ ಬರುತ್ತಲೇ ಎದುರು ಕೂತು, ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅವಳಿಗೆ ಫೋನ್ ಮಾಡುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ.