ಪಟೇಲರು ಹೂಂಗುಟ್ಟಿದ ಕತೆ

ಸಾಲಿಗ್ರಾಮದ ಗಾಡಿ ಕಂಠಪ್ಪ ಸೋಮವಾರ ಸಂಜೆ ತೀರಿಕೊಂಡ. ಜ್ವರ ಎದೆಗೆ ಇಳಿದಿತ್ತು. ನನಗಿಂತ ಎರಡು ವರ್ಷ ಚಿಕ್ಕವನು.

ಹಗಲು ಸುತ್ತಲಿನ ಸಂತೆಗಳಿಗೆ ಗಾಡಿ ಹೊಡೆಯುತ್ತಿದ್ದ, ಸಂಜೆ ಕಟ್ಟೆಯಲ್ಲಿ ಕತೆ ಹೇಳುತ್ತಿದ್ದ. ನಮ್ಮ ಕಡೆ ಕತೆ ಕೇಳುವವರಲ್ಲಿ ಒಬ್ಬರು ಮಾತುಮಾತಿಗೂ ‘ಹೂಂ’ ಅನ್ನಬೇಕು. ಹೂಂಗುಟ್ಟುವವರಿಲ್ಲದೆ ಕತೆ ಸಾಗುವುದಿಲ್ಲ. ಆ ಮರ್ಯಾದೆ ಪಟೇಲ ಚನ್ನಬಸವಣ್ಣನವರದು. ಬೇರೆ ಯಾರಾದರೂ ಹೂಂ ಅಂದರೆ ತಿರುಗಿ ನೋಡುತ್ತಿದ್ದರು.

ಕಂಠಪ್ಪನ ಕತೆಯಲ್ಲೂ ಒಬ್ಬ ಪಟೇಲನಿದ್ದ.

“ಆ ಪಟೇಲ ಬಲು ನ್ಯಾಯವಂತ.”

“ಹೂಂ.”

“ನಾಲೆ ಒಡೆದು ನೀರು ಕದ್ದೋರು ಯಾರು ಅಂತ ಪಂಚಾಯ್ತಿಗೆ ಕೂತ.”

“ಹೂಂ.”

“ಕೂತಿದ್ದು ತನ್ನ ಗದ್ದೆ ಬದಿನ ಮೇಲೇ. ಕದ್ದ ನೀರು ಚಪ್ಪಲಿಗೆ ಬಂತು, ಪಂಚೆಗೆ ಬಂತು. ‘ಮೋಡನೇ ಇಲ್ಲ, ಮಳೆ ಬಂದದಲ್ಲಾ’ ಅಂದ, ಪುಣ್ಯಾತ್ಮ.”

“ಹೂಂ!”

ಬೇಸಿಗೆಯಲ್ಲೂ ಊರಿನಲ್ಲಿ ಹಸಿರಾಗಿರುತ್ತಿದ್ದದ್ದು ಚನ್ನಬಸವಣ್ಣನವರ ಗದ್ದೆಯೊಂದೇ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕಂಠಪ್ಪ ಮಾತ್ರ ಆ ಪಟೇಲನನ್ನು ಒಂದು ದಿನವೂ ಬೈಯಲಿಲ್ಲ, ಬರೀ ಹೊಗಳಿದ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂಬ ಹೆಸರಿದೆ ಎಂದು ನಾನು ಹೇಳಿದಾಗ, “ಅದ್ಕೂ ಎಸರದಾ? ನಾನು ಭಯ ಅನ್ಕೊಂಡಿದ್ದೆ ಕಣಣ್ಣ” ಅಂದ.

ಭಯ ಸುಳ್ಳಲ್ಲ. ಅವನ ಮನೆ ನಿಂತಿದ್ದುದು ಪಟೇಲರ ಜಾಗದಲ್ಲಿ. ಅವರು ‘ಜಾಗ ಬಿಡು’ ಅಂದರೆ ಹೆಂಡತಿ ಬಸವಮ್ಮನೊಡನೆ ಗಾಡಿಯಲ್ಲೇ ಸಂಸಾರ.

ಕೃಷ್ಣರಾಜನಗರವನ್ನು ಹೊಸದಾಗಿ ಕಟ್ಟುತ್ತಿದ್ದ ವರ್ಷ, ಕಟ್ಟೆಗೆ ಬಂದಿದ್ದ ಪಟೇಲರ ಅಳಿಯ, “ಮಾವ, ಇದು ನಿಮ್ಮದೇ ಕತೆ. ಇಷ್ಟೊತ್ತೂ ಹೂಂ ಅಂದಿರಲ್ಲ!” ಎಂದುಬಿಟ್ಟ.

ನಗು ನಿಂತಿತು.

“ನಾನೇನ್ಲಾ ಅದು, ಕಂಠ?” ಎಂದರು ಪಟೇಲರು.

ಕಂಠಪ್ಪ ಎದ್ದು ಕೈಮುಗಿದ. “ಕತೇಲಿರೋ ಪಟೇಲನಿಗೆ ತಾನು ಎಂಥೋನು ಅಂತ ಎಂದೂ ತಿಳಿಯಕ್ಕಿಲ್ಲ ಬುದ್ದಿ. ತಮಗೆ ತಿಳಿದೋಯ್ತು ಅಂದ್ರೆ ಅವನು ತಾವಲ್ಲ.”

“ತಿಳೀದೆ ಇದ್ರೆ?”

“ತಿಳೀದೆ ಇದ್ರೆ ಸಿಟ್ಟು ಯಾಕೆ ಬುದ್ದಿ?”

ಪಟೇಲರು ಮೀಸೆ ಸವರಿಕೊಂಡರು. “ಅಂಗಾದ್ರೆ ನಾನಲ್ಲ ಬುಡು. ಮುಂದುಕ್ಕೇಳು.”

ಅಳಿಯ ಮರುದಿನವೇ ತನ್ನೂರು ಪಿರಿಯಾಪಟ್ಟಣಕ್ಕೆ ಹೊರಟುಹೋದ. ಕಂಠಪ್ಪನ ಮನೆ ಉಳಿಯಿತು. ಪಟೇಲರ ಕಣ್ಣಿಗೆ ಮಣ್ಣೆರಚಿದೆ ಎಂದು ಕಂಠಪ್ಪ ವರ್ಷಗಟ್ಟಲೆ ಬೀಗುತ್ತಿದ್ದ.

ಅವನು ತೀರಿಕೊಂಡ ಆ ಸೋಮವಾರ ಮಧ್ಯಾಹ್ನ ಪಟೇಲರು ಅವನನ್ನು ನೋಡಲು ಬಂದರು. ನಾನೂ ಅಲ್ಲಿದ್ದೆ. ಅವರು ಬಾಗಿಲಲ್ಲೇ ನಿಂತು, “ಮೊದಲ್ನೇ ದಿನವೇ ಗೊತ್ತಿತ್ತು ಕಣ್ಲಾ, ಅದು ನಾನೇ ಅಂತ” ಅಂದರು.

ಕಂಠಪ್ಪ ಚಾಪೆಯಿಂದ ತಲೆ ಎತ್ತಿದ. “ಮತ್ತೆ... ಹೂಂ ಅಂದ್ರಲ್ಲ ಬುದ್ದಿ?”

“ಅನ್ನದೆ ಇದ್ರೆ ನೀನು ನಿಲ್ಲಿಸ್ಬುಡ್ತಿದ್ದೆ. ಊರು ನನ್ನ ಏನಂತದೆ ಅಂತ ಇನ್ಯಾರ್ಲಾ ಏಳೋರು?”

“ಗೊತ್ತಿದ್ದೂ ನೀರು ಬುಡ್ಲಿಲ್ವಲ್ಲ!” ಒಳಗಿನಿಂದ ಬಸವಮ್ಮನ ದನಿ.

ಪಟೇಲರು ಕೇಳಿಸದವರಂತೆ ಸೂರು ನೋಡಿದರು. ಅಷ್ಟು ವರ್ಷ ಏನೂ ತಿಳಿಯದೆ ಕೂತಿದ್ದವರು ನಾವು.

ಕಂಠಪ್ಪನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಕೆಮ್ಮು ನಿಂತ ಮೇಲೆ, ಚಾಪೆಯ ಒಂದು ಬದಿಗೆ ಮೆಲ್ಲಗೆ ಸರಿದು, ಪಟೇಲರು ಕೂರುವಷ್ಟು ಜಾಗ ಮಾಡಿಕೊಟ್ಟ.