ಮೂಗಿನಲ್ಲಿ ಮಾತಾಡುವ ಅಳಿಯ

ನಮ್ಮ ಮಾತಿಗೆ ಮೂಗಿನ ಹಂಗಿಲ್ಲ. ಮಕಾರ ನಕಾರಗಳೆಲ್ಲ ಹೊರಗಿನವರ ಸೊತ್ತು. ಬೂಗನ್‌ವಿಲ್ ದ್ವೀಪದ ಈ ಗುಡ್ಡದ ಮೇಲೆ ಅವು ಬಾಯಿಗೆ ಬರುವುದು ಹೊರಗಿನವರನ್ನು ಅಣಕಿಸುವಾಗ ಮಾತ್ರ. ಆ ಅಣಕದಲ್ಲಿ ನಮ್ಮಕ್ಕ ಓರಿಪಾಳನ್ನು ಮೀರಿಸಿದವರಿಲ್ಲ. ಪಾದ್ರಿಯೋ, ವ್ಯಾಪಾರಿಯೋ, ಸೂಜಿ ಚುಚ್ಚುವ ನರ್ಸೋ, ಯಾರು ಬಂದು ಹೋದರೂ ಸಂಜೆಗೆ ಅವರ ಹಾಗೇ ಮೂಗಿನಲ್ಲಿ ಮಾತಾಡಿ ಊರನ್ನೇ ನಗಿಸುತ್ತಿದ್ದಳು. ಗಂಡ ತೀರಿಕೊಂಡ ವರ್ಷವೂ ಬಿಟ್ಟವಳಲ್ಲ, ಮಾರಾಯಗಿತ್ತಿ.

ಅಂಥವಳ ಒಬ್ಬಳೇ ಮಗಳು ರವಿಯಾತೊ ಮೆಚ್ಚಿದ್ದು ಕಡಲ ಕಡೆಯ ಹುಡುಗ ನಮುಸಿಯನ್ನು. ನಮ್ಮಲ್ಲಿ ಅಳಿಯನೇ ಹೆಣ್ಣಿನ ಮನೆಗೆ ಬಂದಿರಬೇಕು. ಅವನೇನೋ ನಮ್ಮ ಮಾತು ಕಲಿತಿದ್ದ, ಆದರೆ ಒಂದೊಂದು ಪದವೂ ಮೂಗಿನಿಂದಲೇ ಇಳಿಯುತ್ತಿತ್ತು. ಊರವರು ನಕ್ಕು ನಕ್ಕು ಅವನಿಗೆ ಸಾಕುಸಾಕಾಗಿತ್ತು.

"ಅವ್ವಾ, ನೀನೂ ಅಣಕಿಸಿದ್ರೆ ಅವ್ನು ವಾಪಸ್ ಹೋಗ್ತಾನೆ. ನಾನೂ ಅವನ ಜೊತೆ ಹೋಗ್ತೀನಿ," ಎಂದಳು ರವಿಯಾತೊ.

ಮಗಳಿಲ್ಲದ ಮನೆಯಲ್ಲಿ ಅಕ್ಕ ಬದುಕುವುದುಂಟೇ? "ಅವನೆದುರು ತುಟಿ ಪಿಟಕ್ಕನ್ನಲ್ಲ ಕಣೇ," ಅಂದಳು.

ಅವನು ಹೆಣ್ಣು ಕೇಳಲು ಬರುವ ದಿನ ಅಕ್ಕ ಒಳಗೆ ಕೆಸುವಿನ ಗೆಡ್ಡೆ ಕುಟ್ಟುತ್ತಿದ್ದಳು. ಹೊರಗಿನಿಂದ ಮೂಗಿನ ದನಿ ಕೇಳಿತು: "ಅಮ್ಮಾ, ನಾನು ಒಳಗೆ ಬರ್ಲಾ?"

ಅಂಗಳದಲ್ಲಿದ್ದ ನನ್ನದೇ ಕಿತಾಪತಿ ಇದು ಎಂದು ಅಕ್ಕ ತಿಳಿದಳು. ತಪ್ಪೇನಿಲ್ಲ, ಬೆಳಗಿನಿಂದ ನಾನು ಅವಳನ್ನು ಹಾಗೇ ಕಾಡಿಸುತ್ತಿದ್ದೆ. "ಬನ್ನಿ ಮೂಗಿನ ಮಹಾನುಭಾವ, ಶೀತ ಹಿಡಿದ ಹಂದಿಮರಿ ಹಂಗೆ ಯಾಕೆ ನಿಂತಿದ್ದೀರಾ?" ಎಂದು ಅವಳೂ ಮೂಗಿನಲ್ಲೇ ಎಳೆದಳು.

ಒನಕೆ ಹಿಡಿದೇ ಹೊರಗೆ ಬಂದು ನೋಡಿದರೆ, ತೆಂಗಿನಕಾಯಿ ಹೊರೆ ಹೊತ್ತ ನಮುಸಿ. ಪಕ್ಕದಲ್ಲಿ ರವಿಯಾತೊ, ಕಣ್ಣು ತುಂಬಿಕೊಂಡು ನಿಂತಿದ್ದಾಳೆ. ಅಕ್ಕ ಒನಕೆಯನ್ನು ಬೆನ್ನ ಹಿಂದೆ ಅಡಗಿಸಿದಳು. ನನಗೂ ನಗು ಹೊರಡಲಿಲ್ಲ.

ನಮುಸಿ ಹೊರೆ ಇಳಿಸಿದ. ಸೊಂಟಕ್ಕೆ ಕೈಕೊಟ್ಟು ಅಕ್ಕನ ಹಾಗೇ ಗದ್ದ ಎತ್ತಿದ. "ಏಯ್, ಇದು ಓರಿಪಾಳ ಜಾಗ. ಇಲ್ಲಿ ಅವರಿವರ ಥರ ಆಡೋಳು ಓರಿಪಾ ಒಬ್ಬಳೇ, ತಿಳೀತಾ?"

ಅವಳದೇ ದನಿ, ಅವಳದೇ ಗತ್ತು. ಮೂಗಿನ ಸುಳಿವೇ ಇಲ್ಲ. ಇಷ್ಟು ದಿನ ತಿಣುಕಿದರೂ ಬಾರದ ನಮ್ಮ ಉಚ್ಚಾರ, ಅತ್ತೆಯನ್ನು ಅಣಕಿಸಲು ಹೋದಾಗ ಅಚ್ಚುಕಟ್ಟಾಗಿ ಬಂದುಬಿಟ್ಟಿತ್ತು. ರವಿಯಾತೊ ಬಿದ್ದು ಬಿದ್ದು ನಕ್ಕಳು.

ಅಕ್ಕ ಒನಕೆ ಬಿಟ್ಟು ಅವನ ಎರಡೂ ಕೆನ್ನೆ ಹಿಡಿದುಕೊಂಡಳು. ನನ್ನ ಜನ್ಮದಲ್ಲಿ ನಾನು ಅಷ್ಟು ಸಂತೋಷ ಪಟ್ಟಿದ್ದು ಕಡಿಮೆ.

"ಮಗಳೇ," ಎಂದಳು ಅಕ್ಕ, "ಇವನ ಚಾಪೆ ಒಳಗೆ ಹಾಸು."